ನೀರು ಮೆದು, ಪಿಎಚ್ ಮಾತ್ರ ಮೇಲೆ: ಸಾಫ್ಟ್‌ನರ್ ನೀರಿನ ಒಂದು ಗಿಡದ ಟ್ಯಾಂಕ್

ಬೆಂಗಳೂರಿನ ಅಂಚಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ನೀರಿನ ಗಿಡ, ಮೀನು ಸಾಕುವ ಮೂರಡಿ ಟ್ಯಾಂಕ್ (ಅಕ್ವೇರಿಯಂ) ಇದೆ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ಮಣ್ಣು, ಮರಳು, ಕಲ್ಲು ಕಳೆದು ಸುಮಾರು 150 ಲೀಟರ್ ನೀರು ನಿಲ್ಲುತ್ತದೆ. ಅವರು ನನ್ನನ್ನು ಕರೆಯುವ ಹೊತ್ತಿಗೆ ಅದರಲ್ಲಿ ಮೂರು ತೊಂದರೆ ಒಟ್ಟಿಗೆ ಸೇರಿದ್ದವು. ರೋಟಾಲಾ ಗಿಡಗಳ ಹೊಸ ಎಲೆಗಳು ಮುರುಟಿಕೊಂಡು ಬರುತ್ತಿದ್ದವು. ಚೆರ್ರಿ ಶ್ರಿಂಪ್‌ಗಳು (ಪುಟ್ಟ ಸಿಗಡಿಗಳು) ಪೊರೆ ಕಳಚುವಾಗಲೇ ಸಾಯುತ್ತಿದ್ದವು. ಟೆಟ್ರಾ ಮೀನುಗಳು ಸಂಜೆಯಾದರೆ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು.

ಮೇಷ್ಟ್ರು ಎಲ್ಲಕ್ಕೂ ಒಂದೇ ಕಾರಣ ಹಿಡಿದಿದ್ದರು. ಗಿಡಕ್ಕೆ ಸಿಒ2 (ಗಿಡ ಬೆಳೆಯಲೆಂದು ಸಿಲಿಂಡರ್‌ನಿಂದ ನೀರಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಗ್ಯಾಸ್) ಸಾಲುತ್ತಿಲ್ಲ, ಅದಕ್ಕೇ ಗಿಡ ಸೊರಗಿದೆ, ಗಿಡ ಸೊರಗಿದ್ದರಿಂದ ಆಮ್ಲಜನಕ ಇಲ್ಲ, ಅದಕ್ಕೇ ಮೀನು ಬಾಯಿ ಬಿಡುತ್ತಿದೆ. ಮಾತು ಒಂದಕ್ಕೊಂದು ಚೆನ್ನಾಗಿ ಕೂಡುತ್ತದೆ. ಹಾಗಾಗಿ ಅವರು ವಾರವಾರ ಗ್ಯಾಸ್ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಿದ್ದರು. ನಿಜಕ್ಕೂ ಅಲ್ಲಿ ಎರಡು ಬೇರೆ ಬೇರೆ ತೊಂದರೆಗಳಿದ್ದವು. ಒಂದು, ನೀರಿನಲ್ಲಿ ಕ್ಯಾಲ್ಸಿಯಂ ಇರಲೇ ಇಲ್ಲ. ಇನ್ನೊಂದು, ಸಿಒ2 ಬೇಕಾದ್ದಕ್ಕಿಂತ ಎರಡು ಪಟ್ಟು ಇತ್ತು.

ನಮ್ಮ ಊರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಇಂಥದೇ ನೀರು ಬರುತ್ತಿದೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅನ್ನಿಸಿತು.

ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು

ಮೇಷ್ಟ್ರ ಒಂದು ಒಳ್ಳೆಯ ಅಭ್ಯಾಸ, ಎಲ್ಲವನ್ನೂ ಬರೆದಿಡುವುದು. ಗಿಡ ನೆಟ್ಟ ದಿನ, ನೀರು ಬದಲಿಸಿದ ದಿನ, ಪಿಎಚ್ (ನೀರಿನ ಹುಳಿ–ಕ್ಷಾರದ ಅಳತೆ), ಸತ್ತ ಮೀನು, ಎಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿತ್ತು. ಅದು ಇಲ್ಲದಿದ್ದರೆ ಕಾರಣ ಹಿಡಿಯಲು ಇನ್ನೂ ತುಂಬಾ ಸಮಯ ಬೇಕಾಗುತ್ತಿತ್ತು.

ಮೊದಲ ವರ್ಷ ಟ್ಯಾಂಕಿಗೆ ಗ್ಯಾಸ್ ಇರಲಿಲ್ಲ. ವ್ಯಾಲಿಸ್ನೇರಿಯಾ, ಹೈಡ್ರಿಲಾ, ಸ್ವಲ್ಪ ಕ್ರಿಪ್ಟೊಕೊರೈನ್. ಬೋರ್‌ವೆಲ್ ನೀರು. ಎಲ್ಲ ಹುಲುಸಾಗಿ ಬೆಳೆದಿದ್ದವು. ಆಮೇಲೆ ಅಪಾರ್ಟ್‌ಮೆಂಟಿನವರು ಪಂಪ್ ರೂಮಿನಲ್ಲಿ ಸಾಫ್ಟ್‌ನರ್ ಹಾಕಿಸಿದರು. ಗೀಸರ್‌ಗಳು ಸುಣ್ಣ ಕಟ್ಟಿ ಕೆಟ್ಟು ಹೋಗುತ್ತಿದ್ದವು, ಶವರ್ ತೂತು ಮುಚ್ಚುತ್ತಿದ್ದವು, ಹಾಗಾಗಿ ಅದು ಬೇಕಾಗಿತ್ತು. ಅದಾಗಿ ಎರಡು ತಿಂಗಳಿಗೆ ನೋಟ್‌ಬುಕ್ಕಿನಲ್ಲಿ ಮೊದಲ ಸಲ ‘ಶ್ರಿಂಪ್ 3 ಸತ್ತಿವೆ’ ಎಂಬ ಸಾಲು ಬರುತ್ತದೆ. ಮತ್ತೆ ಸ್ವಲ್ಪ ದಿನಕ್ಕೆ ‘ರೋಟಾಲಾ ತುದಿ ಸೊಟ್ಟ’. ಸಿಲಿಂಡರ್ ಬಂದದ್ದು ಅದಾದ ಮೇಲೆ. ಮೀನು ಬಾಯಿ ಬಿಟ್ಟದ್ದು ಸಿಲಿಂಡರ್ ಬಂದ ಮೇಲೆ.

ಈ ಕ್ರಮ ನೋಡಿದರೆ ಸಾಕು, ಗಿಡದ ತೊಂದರೆಯೂ ಮೀನಿನ ತೊಂದರೆಯೂ ಬೇರೆ ಬೇರೆ ಹೊತ್ತಿನಲ್ಲಿ ಶುರುವಾದವು ಎಂದು ತಿಳಿಯುತ್ತದೆ.

ಮೀನು ಬಾಯಿ ಬಿಡುವ ಹೊತ್ತೂ ಒಂದು ಸುಳಿವು. ಆಮ್ಲಜನಕ ಕಡಿಮೆಯಾಗಿ ಒದ್ದಾಡುವ ಮೀನು ಸಾಮಾನ್ಯವಾಗಿ ಬೆಳಗಿನ ಜಾವ ಒದ್ದಾಡುತ್ತದೆ. ರಾತ್ರಿಯೆಲ್ಲ ಗಿಡಗಳೂ ಉಸಿರಾಡಿ ಆಮ್ಲಜನಕ ಬಳಸಿರುತ್ತವೆ, ಬೆಳಕು ಇನ್ನೂ ಬಂದಿರುವುದಿಲ್ಲ. ಇಲ್ಲಿ ಮೀನು ಒದ್ದಾಡುತ್ತಿದ್ದದ್ದು ಸಂಜೆ ನಾಲ್ಕೈದು ಗಂಟೆಗೆ, ದೀಪ ಉರಿಯುತ್ತಿರುವಾಗ. ಬೆಳಗ್ಗೆಯಿಂದ ಹರಿದ ಗ್ಯಾಸ್ ನೀರಿನಲ್ಲಿ ಕೂಡಿಕೊಂಡು ಮೇಲ್ಮಟ್ಟ ಮುಟ್ಟುವ ಹೊತ್ತು ಅದು. ನೀರಿನಲ್ಲಿ ಸಿಒ2 ಜಾಸ್ತಿಯಾದರೆ ಮೀನಿನ ರಕ್ತದಿಂದ ಸಿಒ2 ಹೊರಗೆ ಹೋಗುವುದಿಲ್ಲ. ರಕ್ತ ಹುಳಿಯಾಗುತ್ತದೆ, ಆಗ ಅದು ಆಮ್ಲಜನಕವನ್ನು ಸರಿಯಾಗಿ ಹಿಡಿಯಲಾರದು. ನೀರಿನಲ್ಲಿ ಆಮ್ಲಜನಕ ಎಷ್ಟಿದ್ದರೂ ಮೀನು ಉಸಿರು ಕಟ್ಟಿ ಮೇಲೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಎಂಬುದನ್ನೂ ನೆನಪಿಡಬೇಕು. 25 ಡಿಗ್ರಿಯಲ್ಲಿ ಕಡಲತೀರದ ಊರಿನ ನೀರು ಲೀಟರ್‌ಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, ಇಲ್ಲಿ ಹಿಡಿಯುವುದು 7.4ರಷ್ಟು ಮಾತ್ರ. ಮೀನಿಗೆ ತಡೆದುಕೊಳ್ಳುವ ಜಾಗ ಮೊದಲೇ ಸ್ವಲ್ಪ ಕಡಿಮೆ.

ಹಾಗಾಗಿ ಮೊದಲ ಕೆಲಸ ಮೀನು ಉಳಿಸುವುದು. ಗ್ಯಾಸ್ ಹರಿವನ್ನು ಹತೋಟಿಯಲ್ಲಿಡುವ ನೀಡಲ್ ವಾಲ್ವ್ ಮುಚ್ಚಿದೆವು. ಫಿಲ್ಟರ್ ಬಾಯಿಯನ್ನು ಮೇಲಕ್ಕೆ ತಿರುಗಿಸಿ ನೀರಿನ ಮೇಲ್ಮೈ ಚೆನ್ನಾಗಿ ಅಲುಗುವ ಹಾಗೆ ಮಾಡಿದೆವು. ಸ್ವಲ್ಪ ಹೊತ್ತಿಗೆ ಮೀನುಗಳು ಕೆಳಗೆ ಇಳಿದವು. ಅಲ್ಲಿಗೆ ಅನುಮಾನ ಗಟ್ಟಿಯಾಯಿತು.

ನೊರೆ ಬರುವ ನೀರು

ಮಾರನೇ ದಿನ ನಲ್ಲಿ ನೀರನ್ನು ಪರೀಕ್ಷೆ ಮಾಡಿದೆವು. ಹನಿ ಹಾಕಿ ಬಣ್ಣ ನೋಡುವ ಸಾಮಾನ್ಯ ಕಿಟ್. ಕೆಎಚ್ ಪರೀಕ್ಷೆಗೆ ಹನಿ ಹಾಕುತ್ತಾ ಹೋದರೆ ಬಣ್ಣ ಬದಲಾಗುವುದೇ ಇಲ್ಲ. ಕೊನೆಗೆ 14ನೇ ಹನಿಗೆ ತಿರುಗಿತು. ಜಿಎಚ್ ಪರೀಕ್ಷೆಯಲ್ಲಿ ಮೊದಲ ಹನಿಗೇ ಬಣ್ಣ ಬದಲಾಯಿತು. ಒಂದು ಹನಿಗೆ ಒಂದು ಡಿಗ್ರಿ ಲೆಕ್ಕ, ಅಂದರೆ ಕೆಎಚ್ 14, ಜಿಎಚ್ 1 ಅಥವಾ ಅದಕ್ಕೂ ಕಡಿಮೆ.

‘ಅಲ್ಲಪ್ಪಾ, ನೀರು ಮೆದು ಆಗಿದೆ. ಸೋಪು ಎಷ್ಟು ಚೆನ್ನಾಗಿ ನೊರೆ ಬರುತ್ತೆ ನೋಡು. ಮೆದು ನೀರಾದರೆ ಪಿಎಚ್ ಕೆಳಗಿರಬೇಕು ತಾನೆ?’ ಎಂದರು ಮೇಷ್ಟ್ರು.

‘ಇಲ್ಲ ಮೇಷ್ಟ್ರೇ, ಸೋಪಿಗೆ ಅಡ್ಡ ಬರೋದು ಬೇರೆ, ಪಿಎಚ್ ಹಿಡಿದಿಡೋದು ಬೇರೆ.’

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಪ್ರಕರಣದ ಗಂಟು ಇಲ್ಲೇ ಇದೆ. ಜಿಎಚ್ ಅಳೆಯುವುದು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಸೋಪಿನ ನೊರೆ ತಡೆಯುವುದು, ಗೀಸರ್‌ನಲ್ಲಿ ಸುಣ್ಣ ಕಟ್ಟುವುದು ಇವೇ. ಕೆಎಚ್ ಅಳೆಯುವುದು ಮುಖ್ಯವಾಗಿ ಬೈಕಾರ್ಬೊನೇಟ್. ಪಿಎಚ್ ಇಳಿಯದಂತೆ ತಡೆಯುವುದು ಅದು. ಹಳ್ಳ, ಬಾವಿ, ಬೋರ್‌ವೆಲ್ ನೀರಿನಲ್ಲಿ ಸಾಧಾರಣವಾಗಿ ಇವೆರಡೂ ಜೊತೆಯಲ್ಲೇ ಏರುತ್ತವೆ, ಜೊತೆಯಲ್ಲೇ ಇಳಿಯುತ್ತವೆ. ಅದಕ್ಕೇ ಜನ ಎರಡನ್ನೂ ಸೇರಿಸಿ ‘ಗಡಸು ನೀರು’ ಅಂತಲೋ ‘ಉಪ್ಪು ನೀರು’ ಅಂತಲೋ ಹೇಳಿಬಿಡುತ್ತಾರೆ.

ಸಾಫ್ಟ್‌ನರ್ ಈ ಜೋಡಿಯನ್ನು ಬೇರೆ ಮಾಡುತ್ತದೆ. ಅದರೊಳಗಿನ ರೆಸಿನ್ ಕಾಳುಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತವೆ. ಆಗಾಗ ಉಪ್ಪು ನೀರು ಹಾಯಿಸಿ ಕಾಳುಗಳನ್ನು ಮತ್ತೆ ತಯಾರು ಮಾಡುತ್ತಾರೆ. ಪಂಪ್ ರೂಮಿನಲ್ಲಿ ಉಪ್ಪಿನ ಚೀಲ ಇರುವುದು ಅದಕ್ಕೇ. ಬೈಕಾರ್ಬೊನೇಟನ್ನು ಈ ಕಾಳುಗಳು ಮುಟ್ಟುವುದೇ ಇಲ್ಲ. ಹಾಗಾಗಿ ಹೊರಗೆ ಬರುವ ನೀರಿನಲ್ಲಿ ಜಿಎಚ್ ಸೊನ್ನೆಗೆ ಇಳಿದಿರುತ್ತದೆ, ಕೆಎಚ್ ಇದ್ದಷ್ಟೇ ಇರುತ್ತದೆ. ನೀರಿನಲ್ಲಿ ಕರಗಿರುವ ಲವಣ ಒಟ್ಟು ಎಷ್ಟು ಎಂದು ತೋರಿಸುವ ಟಿಡಿಎಸ್ ಮೀಟರ್ ಇಟ್ಟರೂ ವ್ಯತ್ಯಾಸ ಕಾಣುವುದಿಲ್ಲ. ಪಂಪ್ ರೂಮಿನ ಪ್ಲಂಬರ್‌ನನ್ನು ಕೇಳಿ ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿಯಿಂದ ಒಂದು ಬಾಟಲಿ ತರಿಸಿದೆವು. ಅದರಲ್ಲಿ ಕೆಎಚ್ 14, ಜಿಎಚ್ 18, ಟಿಡಿಎಸ್ 510. ಮನೆಯ ನಲ್ಲಿಯಲ್ಲಿ ಟಿಡಿಎಸ್ 530. ಮೀಟರ್ ಮಾತ್ರ ನಂಬಿದ್ದರೆ ಎರಡೂ ಒಂದೇ ನೀರು ಅನ್ನಿಸುತ್ತಿತ್ತು. ಲೆಕ್ಕ ಹಾಕಿದರೆ 17 ಡಿಗ್ರಿ ಜಿಎಚ್ ಹೋದ ಜಾಗಕ್ಕೆ ಲೀಟರ್‌ಗೆ ಸುಮಾರು 140 ಮಿಲಿಗ್ರಾಂ ಸೋಡಿಯಂ ಬಂದಿದೆ.

ಗಿಡದ ಲಕ್ಷಣಗಳು ಈಗ ಅರ್ಥವಾಗುತ್ತವೆ. ಕ್ಯಾಲ್ಸಿಯಂ ಒಮ್ಮೆ ಎಲೆಯಲ್ಲಿ ಸೇರಿದರೆ ಅಲ್ಲೇ ಉಳಿಯುತ್ತದೆ. ಗಿಡ ಅದನ್ನು ಹಳೆ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡಲಾರದು. ಆದ್ದರಿಂದ ಕೊರತೆ ಕಾಣುವುದು ಚಿಗುರಿನಲ್ಲಿ: ಮುರುಟಿದ, ಸೊಟ್ಟಗಾದ, ಸಣ್ಣ ಎಲೆ. ಮೆಗ್ನೀಸಿಯಂ ಹಾಗಲ್ಲ, ಅದು ಓಡಾಡುತ್ತದೆ. ಅದರ ಕೊರತೆ ಹಳೆ ಎಲೆಯಲ್ಲಿ ಕಾಣುತ್ತದೆ, ನರಗಳು ಹಸಿರಾಗಿ ಉಳಿದು ನಡುವೆ ಹಳದಿಯಾಗುತ್ತದೆ. ಮೇಷ್ಟ್ರ ರೋಟಾಲಾದಲ್ಲಿ ಎರಡೂ ಇತ್ತು. ಶ್ರಿಂಪ್ ಸತ್ತದ್ದೂ ಇದೇ ಕಾರಣಕ್ಕೆ. ಪೊರೆ ಕಳಚಿದ ಮೇಲೆ ಹೊಸ ಹೊರಕವಚ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕೇ ಬೇಕು.

6.8ರ ಹಿಂದೆ ಬಿದ್ದದ್ದು

ಇನ್ನು ಗ್ಯಾಸಿನ ಕಥೆ. ಗಿಡದ ಟ್ಯಾಂಕಿಗೆ ಪಿಎಚ್ 6.8 ಇರಬೇಕು ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಇವರ ಟ್ಯಾಂಕಿನಲ್ಲಿ 8.2 ಇತ್ತು. ಅದನ್ನು ಇಳಿಸಲು ಮೊದಲು ಅಂಗಡಿಯವರು ‘ಪಿಎಚ್ ಡೌನ್’ ಬಾಟಲಿ ಕೊಟ್ಟರು. ಹಾಕಿದಾಗ ಇಳಿಯಿತು, ಮಾರನೇ ಬೆಳಗ್ಗೆ ಮತ್ತೆ ಮೇಲೆ. ಮತ್ತೆ ಹಾಕಿದರು, ಮತ್ತೆ ಮೇಲೆ.

ಆ ಬಾಟಲಿಯ ಬಗ್ಗೆ ನನಗೆ ಬೇಜಾರಿದೆ, ಯಾಕೆಂದರೆ ಅದರಿಂದ ಆಗುವ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಆಮ್ಲ ಬೈಕಾರ್ಬೊನೇಟ್ ಜೊತೆ ಸೇರಿದರೆ ಹುಟ್ಟುವುದು ಸಿಒ2. ಒಂದು ಡಿಗ್ರಿ ಕೆಎಚ್ ಕರಗಿದರೆ ನೀರಿನಲ್ಲಿ ಸುಮಾರು 16 ಪಿಪಿಎಂ (ಲೀಟರ್‌ಗೆ ಅಷ್ಟು ಮಿಲಿಗ್ರಾಂ) ಸಿಒ2 ಒಮ್ಮೆಗೇ ಬರುತ್ತದೆ. ನಾಲ್ಕು ಡಿಗ್ರಿ ಒಟ್ಟಿಗೆ ಕರಗಿಸಿದರೆ 60 ದಾಟಿತು. ಆ ಗ್ಯಾಸ್ ರಾತ್ರಿ ಹಾರಿ ಹೋಗುತ್ತದೆ, ಉಳಿದ 10 ಡಿಗ್ರಿ ಕೆಎಚ್ ಪಿಎಚ್ಚನ್ನು ಮತ್ತೆ ಮೇಲಕ್ಕೆ ಎಳೆಯುತ್ತದೆ. ಬಾಟಲಿ ಖಾಲಿ, ಪಿಎಚ್ ಮೇಲೆ, ಮೀನಿಗೆ ದಿನಾ ಏಟು.

ಆಮೇಲೆ ಸಿಲಿಂಡರ್ ಬಂತು. ಸಿಒ2, ಕೆಎಚ್, ಪಿಎಚ್ ಮೂರಕ್ಕೂ ಒಂದು ನಂಟಿದೆ. ನೆನಪಿಡುವುದು ಸುಲಭ. ಪಿಎಚ್ 7 ಇದ್ದಾಗ ಕೆಎಚ್ಚಿನ ಮೂರು ಪಟ್ಟು ಸಿಒ2 ಇರುತ್ತದೆ, ಪಿಪಿಎಂ ಲೆಕ್ಕದಲ್ಲಿ. ಅಲ್ಲಿಂದ ಪಿಎಚ್ 0.3 ಇಳಿದರೆ ಸಿಒ2 ಎರಡರಷ್ಟು. 0.3 ಏರಿದರೆ ಅರ್ಧ. ಪೂರ್ತಿ ಒಂದು ಅಂಕಿ ಇಳಿದರೆ ಹತ್ತರಷ್ಟು. ಗಿಡಕ್ಕೆ ಒಳ್ಳೆಯದು, ಮೀನಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ ಎನ್ನುವ ಮಟ್ಟ 30 ಪಿಪಿಎಂ ಆಸುಪಾಸು.

ಈಗ 6.8ನ್ನು ಇದರಲ್ಲಿ ಇಟ್ಟು ನೋಡೋಣ. ಕೆಎಚ್ 5 ಇರುವ ನೀರಿನಲ್ಲಿ ಪಿಎಚ್ 6.8 ಅಂದರೆ 24 ಪಿಪಿಎಂ. ಚೆನ್ನಾಗಿದೆ. ಕೆಎಚ್ 14 ಇರುವ ಮೇಷ್ಟ್ರ ನೀರಿನಲ್ಲಿ ಅದೇ 6.8 ಅಂದರೆ 67 ಪಿಪಿಎಂ. ಯಾರದೋ ನೀರಿಗೆ ಸರಿಯಾಗಿದ್ದ ಅಂಕಿ ಇವರ ಮೀನನ್ನು ಉಸಿರು ಕಟ್ಟಿಸುತ್ತಿತ್ತು. ಇವರ ನೀರಿನಲ್ಲಿ 30 ಪಿಪಿಎಂ ಬರುವುದು ಪಿಎಚ್ 7.15ಕ್ಕೇ. 8.2 ಇದ್ದಾಗ ಇವರ ಟ್ಯಾಂಕಿನಲ್ಲಿ ಇದ್ದದ್ದು 2.6 ಪಿಪಿಎಂ, ಅಲ್ಲಿಂದ ಒಂದು ಅಂಕಿ ಇಳಿಸಿದರೆ ಸಾಕಿತ್ತು.

‘ಡ್ರಾಪ್ ಚೆಕರ್ ಇನ್ನೂ ನೀಲಿ ಛಾಯೆ ತೋರಿಸ್ತಾ ಇತ್ತಲ್ಲ?’ ಎಂದು ಮೇಷ್ಟ್ರು ಕೇಳಿದರು. ಒಳ್ಳೆಯ ಪ್ರಶ್ನೆ. ಡ್ರಾಪ್ ಚೆಕರ್ ಅಂದರೆ ನೀರಿನ ಸಿಒ2 ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಗಾಜಿನ ಪುಟ್ಟ ಬುಡ್ಡಿ. ಅದರೊಳಗೆ ಬಣ್ಣದ ಹನಿಯ ಜೊತೆ ಕೆಎಚ್ 4 ಇರುವ ದ್ರಾವಣ ಹಾಕಬೇಕು. ಆಗ ಮಾತ್ರ ಹಸಿರು ಬಣ್ಣ 30 ಪಿಪಿಎಂ ಎಂದು ಹೇಳುತ್ತದೆ. ಮೇಷ್ಟ್ರು ಅದಕ್ಕೆ ಟ್ಯಾಂಕ್ ನೀರನ್ನೇ ತುಂಬಿದ್ದರು, ಡಬ್ಬಿಯ ಮೇಲಿನ ಸೂಚನೆಯಲ್ಲೇ ಹಾಗೆ ಇತ್ತು. ಒಳಗೆ ಕೆಎಚ್ 14 ಇದ್ದಾಗ ಅಚ್ಚ ಹಸಿರು ಬರಬೇಕಾದರೆ ನೂರು ಪಿಪಿಎಂ ದಾಟಬೇಕು. ನೀಲಿ ಹೋಗಲಿ ಎಂದು ಇವರು ಗ್ಯಾಸ್ ಜಾಸ್ತಿ ಮಾಡುತ್ತಿದ್ದರು. ಇನ್ನೊಂದು ವಾರ ಹಾಗೇ ನಡೆದಿದ್ದರೆ ಮೀನು ಉಳಿಯುತ್ತಿರಲಿಲ್ಲ.

ಸರಿಯಾದ ದ್ರಾವಣ ಮನೆಯಲ್ಲೇ ಮಾಡಿದೆವು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್, ಅದಕ್ಕೆ 1.2 ಗ್ರಾಂ ಅಡುಗೆ ಸೋಡಾ. ಅದು ಕೆಎಚ್ 40 ಆಗುತ್ತದೆ. ಅದರಲ್ಲಿ ಒಂದು ಪಾಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದರೆ ಕೆಎಚ್ 4. ಸೋಡಾ ತೂಗಲು ಸಣ್ಣ ಡಿಜಿಟಲ್ ತಕ್ಕಡಿ ಬೇಕು, ಚಮಚದ ಅಂದಾಜು ಇಲ್ಲಿ ನಡೆಯುವುದಿಲ್ಲ. ಡ್ರಾಪ್ ಚೆಕರ್ ಎರಡು ಗಂಟೆ ತಡವಾಗಿ ಹೇಳುತ್ತದೆ ಎಂಬುದೂ ಗೊತ್ತಿರಬೇಕು. ಈಗ ಕಾಣುವ ಬಣ್ಣ ಆಗಿನ ನೀರಿನದು.

ಇದು ಇದ್ದರೆ ಪಿಎಚ್ ಲೆಕ್ಕ ಯಾಕೆ ಬೇಕು ಎಂದು ಕೇಳಬಹುದು. ಎರಡೂ ಬೇಕು. ಟ್ಯಾಂಕಿನಲ್ಲಿ ಮರದ ಬೇರು ಇದ್ದರೆ ಅದು ಬಿಡುವ ಹುಳಿ, ಅಥವಾ ಪಿಎಚ್ ಬಾಟಲಿಯಿಂದ ಬಂದ ಫಾಸ್ಫೇಟ್, ಪಿಎಚ್ ಲೆಕ್ಕವನ್ನು ತಪ್ಪಿಸುತ್ತವೆ. ಡ್ರಾಪ್ ಚೆಕರ್‌ನಲ್ಲಿ ಗಾಳಿಯ ಮೂಲಕ ಗ್ಯಾಸ್ ಮಾತ್ರ ಒಳಗೆ ಬರುತ್ತದೆ, ಹಾಗಾಗಿ ಅದಕ್ಕೆ ಈ ತೊಂದರೆ ಇಲ್ಲ. ಆದರೆ ಅದು ನಿಧಾನ. ಎರಡೂ ಒಂದೇ ಮಾತು ಹೇಳಿದರೆ ನಂಬಬಹುದು.

ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲಿತ್ತು: ‘ನೀರು ಬದಲಿಸಿದ ದಿನ ಎಲೆ ಮೇಲೆ ಗುಳ್ಳೆ’. ಹೊಸದಾಗಿ ಹಿಡಿದ ನಲ್ಲಿ ನೀರಿನ ಪಿಎಚ್ 7.6, ಬಕೆಟ್‌ನಲ್ಲಿ ರಾತ್ರಿ ಇಟ್ಟರೆ 8.3. ನೆಲದಡಿಯ ನೀರು ಸಿಒ2 ಹೊತ್ತುಕೊಂಡೇ ಬರುತ್ತದೆ, ಗಾಳಿಗೆ ತೆರೆದ ಮೇಲೆ ಬಿಡುತ್ತದೆ. ಕೆಎಚ್ 14ಕ್ಕೆ ಪಿಎಚ್ 7.6 ಅಂದರೆ ಸುಮಾರು 10 ಪಿಪಿಎಂ. ಆ ದಿನ ಗಿಡಗಳು ಹಿಗ್ಗಿದ್ದು ಅದಕ್ಕೆ. ಎಷ್ಟು ಅಂಕಿ ಇಳಿಸಬೇಕು ಎಂದು ಲೆಕ್ಕ ಹಾಕುವಾಗ ಒಂದು ರಾತ್ರಿ ಇಟ್ಟ ನೀರಿನ ಪಿಎಚ್ಚನ್ನೇ ತೆಗೆದುಕೊಳ್ಳಬೇಕು, ನಲ್ಲಿಯಿಂದ ಆಗ ತಾನೇ ಹಿಡಿದದ್ದನ್ನಲ್ಲ.

ಏನು ಮಾಡಿದೆವು

ಮೊದಲ ಹೆಜ್ಜೆಗೆ ಒಂದು ಪೈಸೆ ಖರ್ಚಿಲ್ಲ. ಪಂಪ್ ರೂಮಿನಲ್ಲಿ ಸಾಫ್ಟ್‌ನರ್‌ಗೆ ಮುಂಚಿನ ನಲ್ಲಿ ಇತ್ತಲ್ಲ, ವಾರಕ್ಕೊಮ್ಮೆ ಬದಲಿಸುವ ನೀರನ್ನು ಅಲ್ಲಿಂದಲೇ ತರಲು ಶುರು ಮಾಡಿದೆವು. ಮೂರು ಬಕೆಟ್, ಲಿಫ್ಟ್ ಇದೆ, ವಾಚ್‌ಮನ್ ಒಪ್ಪಿದ. ಗ್ಯಾಸನ್ನು ಪಿಎಚ್ 7.2ಕ್ಕೆ ನಿಲ್ಲಿಸಿದೆವು. ದೀಪ ಹತ್ತುವ ಎರಡು ಗಂಟೆ ಮುಂಚೆ ಗ್ಯಾಸ್ ಶುರು, ದೀಪ ಆರುವ ಒಂದು ಗಂಟೆ ಮುಂಚೆ ಬಂದ್, ಟೈಮರ್‌ನಲ್ಲಿ. ಮೇಲ್ಮೈ ಅಲುಗಾಟ ಹಾಗೇ ಬಿಟ್ಟೆವು. ಅಲುಗಿದರೆ ಗ್ಯಾಸ್ ಹಾರಿ ಹೋಗುತ್ತದೆ ಎಂದು ತುಂಬಾ ಜನ ನೀರನ್ನು ಕನ್ನಡಿಯ ಹಾಗೆ ನಿಲ್ಲಿಸುತ್ತಾರೆ. ಸ್ವಲ್ಪ ಗ್ಯಾಸ್ ಹೋಗುತ್ತದೆ ನಿಜ, ಆದರೆ ಮಟ್ಟ ದಿನಾ ಒಂದೇ ಥರ ನಿಲ್ಲುತ್ತದೆ, ಆಮ್ಲಜನಕವೂ ಸಿಗುತ್ತದೆ. ಗ್ಯಾಸ್ ಉಳಿಸಲು ಹೋಗಿ ಮೀನು ಕಳೆದುಕೊಳ್ಳಬಾರದು.

ಕೆಎಚ್ ಜಾಸ್ತಿ ಇದ್ದರೆ ಗ್ಯಾಸೂ ಜಾಸ್ತಿ ಬೇಕು ಎಂಬ ನಂಬಿಕೆಯೂ ಇದೆ. ಬೇಡ. 30 ಪಿಪಿಎಂ ಮುಟ್ಟಿಸಲು ಕೆಎಚ್ 4 ಇದ್ದರೂ 14 ಇದ್ದರೂ ಹೆಚ್ಚುಕಡಿಮೆ ಅಷ್ಟೇ ಗ್ಯಾಸ್. ಪಿಎಚ್ ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಬೇರೆ.

ಇಷ್ಟಕ್ಕೇ ಟ್ಯಾಂಕ್ ಸುಧಾರಿಸಿತು. ಕೆಲವು ವಾರಗಳಲ್ಲಿ ರೋಟಾಲಾ ಚಿಗುರು ನೇರವಾಗಿ ಬರತೊಡಗಿತು. ಮುರುಟಿದ ಹಳೆ ಎಲೆ ಸರಿಹೋಗುವುದಿಲ್ಲ, ಅದನ್ನು ಕತ್ತರಿಸಿ ತುದಿಯನ್ನು ಮತ್ತೆ ನೆಡಬೇಕು. ಶ್ರಿಂಪ್ ಸಾವು ನಿಂತಿತು. ಕಲ್ಲಿನ ಮೇಲಿದ್ದ ಕಪ್ಪು ಗಡ್ಡದ ಪಾಚಿ ಹರಡುವುದು ನಿಂತಿತು, ಇದ್ದದ್ದನ್ನು ಕೈಯಲ್ಲೇ ಕೆರೆದು ತೆಗೆಯಬೇಕಾಯಿತು. ಗ್ಯಾಸ್ ಮಟ್ಟ ದಿನಕ್ಕೊಂದು ಥರ ಏರಿಳಿದರೆ ಆ ಪಾಚಿಗೆ ಹಬ್ಬ.

ನನ್ನ ಮಟ್ಟಿಗೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೇಷ್ಟ್ರಿಗೆ ರೋಟಾಲಾ ಮ್ಯಾಕ್ರಾಂಡ್ರಾ ಬೆಳೆಸುವ ಆಸೆ. ಕೆಂಪು ಎಲೆಯ ಆ ಗಿಡ ನಮ್ಮದೇ ಪಶ್ಚಿಮ ಘಟ್ಟದ್ದು, ಮೆದು ನೀರಿಗೆ ಒಗ್ಗಿದ್ದು. ಕೆಎಚ್ 14ರಲ್ಲಿ ಅದು ಏಳುವುದು ಕಷ್ಟ. ಹಾಗಾಗಿ ಎರಡನೇ ಹೆಜ್ಜೆ: ಒಂದು ಬಕೆಟ್ ಸಾಫ್ಟ್‌ನರ್‌ಗೆ ಮುಂಚಿನ ನೀರು, ಎರಡು ಬಕೆಟ್ ಆರ್‌ಓ ನೀರು. ಕೆಎಚ್ 5ರ ಹತ್ತಿರ, ಜಿಎಚ್ 6. ಬೇರೆ ಉಪ್ಪು ಏನೂ ಸೇರಿಸಬೇಕಾಗಿಲ್ಲ. ಆ ನೀರಿನಲ್ಲಿ 30 ಪಿಪಿಎಂ ಸಿಗುವುದು ಪಿಎಚ್ 6.7ಕ್ಕೆ.

ಪಂಪ್ ರೂಮಿನಲ್ಲಿ ಅಂಥ ನಲ್ಲಿ ಇಲ್ಲದವರು ಸಾಫ್ಟ್‌ನರ್ ನೀರಿನ ಒಂದು ಪಾಲಿಗೆ ಎರಡು ಪಾಲು ಆರ್‌ಓ ಸೇರಿಸಿ, ಕಳೆದುಹೋದ ಖನಿಜವನ್ನು ತಾವೇ ಹಾಕಬೇಕು. 100 ಲೀಟರ್‌ಗೆ 12 ಗ್ರಾಂ ಜಿಪ್ಸಂ, 9 ಗ್ರಾಂ ಎಪ್ಸಂ ಸಾಲ್ಟ್ ಹಾಕಿದರೆ ಜಿಎಚ್ ಸುಮಾರು 6 ಏರುತ್ತದೆ. ಜಿಪ್ಸಂ ನಿಧಾನಕ್ಕೆ ಕರಗುತ್ತದೆ, ಹಿಂದಿನ ರಾತ್ರಿಯೇ ಬಕೆಟ್‌ಗೆ ಹಾಕಿ ಕಲಕಿಡುವುದು ಒಳ್ಳೆಯದು.

ಅಡುಗೆಮನೆಯ ಆರ್‌ಓ ಬಗ್ಗೆ ಒಂದು ಮಾತು. ಮೇಷ್ಟ್ರ ಮನೆಯ ಯಂತ್ರದ ನೀರಿಗೆ ಟಿಡಿಎಸ್ 90 ಬರುತ್ತಿತ್ತು. ಅದರಲ್ಲಿ ರುಚಿಗೆಂದು ಸ್ವಲ್ಪ ನಲ್ಲಿ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ಇತ್ತು. ಅದನ್ನು ಮುಚ್ಚಿದ ಮೇಲೆ 25ಕ್ಕೆ ಇಳಿಯಿತು. ಇಂಥ ಯಂತ್ರದಲ್ಲಿ ಒಂದು ಬಕೆಟ್ ಒಳ್ಳೆ ನೀರಿಗೆ ಎರಡು ಮೂರು ಬಕೆಟ್ ಹೊರಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಬೆಂಗಳೂರು ಪಟ್ಟ ಪಾಡು ನೋಡಿದವರಿಗೆ ಅದನ್ನು ಚರಂಡಿಗೆ ಬಿಡಲು ಮನಸ್ಸು ಬರುವುದಿಲ್ಲ. ಮೇಷ್ಟ್ರ ಮನೆಯಲ್ಲಿ ಅದು ನೆಲ ಒರೆಸಲು, ಟಾಯ್ಲೆಟ್‌ಗೆ ಹೋಗುತ್ತದೆ. ಕುಂಡದ ಗಿಡಕ್ಕೆ ಹಾಕಬೇಡಿ ಎಂದು ಹೇಳಿದೆ, ಅದರಲ್ಲಿ ಸಾಫ್ಟ್‌ನರ್‌ನ ಸೋಡಿಯಂ ಇನ್ನೂ ದಟ್ಟವಾಗಿರುತ್ತದೆ. ಇಷ್ಟು ನೀರು ಹೋಗುವುದು ಬೇಡ ಅನ್ನುವವರಿಗೆ ವ್ಯಾಲಿಸ್ನೇರಿಯಾ, ಹೈಡ್ರಿಲಾ ಇವೆ. ಇವು ಬೈಕಾರ್ಬೊನೇಟಿನಿಂದಲೇ ಇಂಗಾಲ ತೆಗೆದುಕೊಳ್ಳಬಲ್ಲವು. ಜಿಎಚ್ ಇರುವ ಬೋರ್‌ವೆಲ್ ನೀರಿನಲ್ಲಿ ಗ್ಯಾಸ್ ಇಲ್ಲದೆಯೂ ಅವು ಕಾಡಾಗುತ್ತವೆ. ಮೇಷ್ಟ್ರ ಟ್ಯಾಂಕಿನಲ್ಲಿ ಮೊದಲ ವರ್ಷ ಆದದ್ದು ಅದೇ.

ಬದಲಾವಣೆಯನ್ನು ನಿಧಾನಕ್ಕೆ ಮಾಡಿದೆವು. ವಾರಕ್ಕೆ ಒಂದು ಸಲ, ಐದನೇ ಒಂದು ಭಾಗದಷ್ಟು ನೀರು ಮಾತ್ರ. ಟಿಡಿಎಸ್ 500ರಿಂದ 200ರ ಹತ್ತಿರಕ್ಕೆ ಒಂದೇ ದಿನ ಇಳಿಸಿದರೆ ಮೀನಿನ ಮೈಯಲ್ಲಿ ನೀರು–ಉಪ್ಪಿನ ಹದ ತಪ್ಪುತ್ತದೆ, ಶ್ರಿಂಪ್ ಅಂತೂ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಕಳಚುತ್ತದೆ. ಈ ಅವಧಿಯಲ್ಲಿ ಕೆಎಚ್ ವಾರವಾರ ಇಳಿಯುತ್ತದೆ, ಹಾಗಾಗಿ ಪಿಎಚ್ ಗುರಿಯೂ ಇಳಿಯುತ್ತದೆ. ಪ್ರತಿ ಸಲ ಕೆಎಚ್ ಅಳೆದು, ಲೆಕ್ಕ ಹಾಕಿ, ಆಮೇಲೆ ವಾಲ್ವ್ ಮುಟ್ಟುವುದು. ಪಿಎಚ್ ಮೀಟರ್‌ಗೆ ಗ್ಯಾಸ್ ಕಟ್ಟಿಹಾಕುವ ಕಂಟ್ರೋಲರ್ ಇದ್ದಿದ್ದರೆ, ಹಳೆ ಅಂಕಿಯನ್ನೇ ಹಿಡಿದು ಗ್ಯಾಸ್ ಕಡಿಮೆ ಮಾಡಿಬಿಡುತ್ತಿತ್ತು.

ಈಗ ಉಳಿದಿರುವ ತಲೆನೋವು ಟ್ಯಾಂಕರ್. ಬೆಂಗಳೂರಿಗೆ ನೀರು ತರುವ ಕಾವೇರಿ 5ನೇ ಹಂತ 2024ರ ಅಕ್ಟೋಬರಿನಲ್ಲಿ ಶುರುವಾಯಿತು, ಈ ಅಪಾರ್ಟ್‌ಮೆಂಟ್ ಮಾತ್ರ ಇನ್ನೂ ಬೋರ್‌ವೆಲ್ ನೀರಿನಲ್ಲೇ ಇದೆ. ಬೇಸಿಗೆಯಲ್ಲಿ ಅದು ಸಾಲದೆ ಟ್ಯಾಂಕರ್ ಬರುತ್ತದೆ. ಟ್ಯಾಂಕರ್ ಯಾವ ಬೋರ್‌ವೆಲ್ಲಿನಿಂದ ತುಂಬಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಒಮ್ಮೆ ಕೆಎಚ್ 9 ಬಂತು, ಆಗ ಅರ್ಧಕ್ಕರ್ಧ ಬೆರೆಸಿದರು. ಇನ್ನೊಮ್ಮೆ 20 ಬಂತು, ಆಗ ಒಂದು ಪಾಲಿಗೆ ನಾಲ್ಕು ಪಾಲು ಆರ್‌ಓ. ಬಕೆಟ್ ಟ್ಯಾಂಕಿಗೆ ಸುರಿಯುವ ಮುಂಚೆ ಕೆಎಚ್, ಜಿಎಚ್ ಎರಡೂ ಅಳೆಯಲು ಮೇಷ್ಟ್ರಿಗೆ ಐದು ನಿಮಿಷ ಹಿಡಿಯುತ್ತದೆ. ನೋಟ್‌ಬುಕ್ಕಿನಲ್ಲಿ ಈಗ ಪಿಎಚ್ ಕಾಲಂ ಪಕ್ಕ ಕೆಎಚ್‌ಗೆ ಒಂದು, ಜಿಎಚ್‌ಗೆ ಒಂದು ಕಾಲಂ ಎಳೆದಿದ್ದಾರೆ.